ಕ್ಲಾರ್ನೆಟ್ ಕೀ ಬೆಳಗಿ 3 ವಾರ ಆಗಿಲ್ಲ, ಮತ್ತೆ ಕಪ್ಪು! ಏನು ಮಾಡಲಿ?

ಕಾಕಾನ ಕ್ಲಾರ್ನೆಟ್ (ಕಲಬುರಗಿ)
ಎಲ್ಲರಿಗೂ ಶರಣು. ನಮ್ಮ ಕಾಕಾ ಮೊದಲು ಬ್ಯಾಂಡ್ ಸೆಟ್‌ನಲ್ಲಿ ಕ್ಲಾರ್ನೆಟ್ ಊದುತ್ತಿದ್ದರು. ಮದುವೆ, ಮೆರವಣಿಗೆ, ಶರಣಬಸವೇಶ್ವರ ಜಾತ್ರೆ, ಎಲ್ಲಾ ಕಡೆ ಹೋಗುತ್ತಿದ್ದರು. ಮುಂದಿನ ಹಲ್ಲು ಬಿದ್ದ ಮೇಲೆ ಬಿಟ್ಟರು. ವಾದ್ಯದ ಪೆಟ್ಟಿಗೆ ಹದಿನೈದು ವರ್ಷ ಅಟ್ಟದ ಮೇಲೇ ಇತ್ತು. ಈಗ ನನ್ನ ಮಗಳು ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ.

ಇಳಿಸಿ ನೋಡಿದರೆ ಬೆರಳಿನಿಂದ ಒತ್ತುವ ಲೋಹದ ಕೀಗಳೆಲ್ಲ ಮಸಿ ಬಳಿದ ಹಾಗೆ. ನಾಲ್ಕೈದು ಕೀ ಮಾತ್ರ ಮಂಕು ಬಿಳಿ. ಸಂದಿಯಲ್ಲಿ ಹಸಿರು ಕಿಲುಬು. ಮನೆಯಲ್ಲಿ ಬೆಳ್ಳಿ ಸಾಮಾನು ಬೆಳಗುವ ಹಾಗೆ ವಿಭೂತಿ ಹಚ್ಚಿ, ಹಳೆ ಬನಿಯನ್ ಬಟ್ಟೆಯಿಂದ ತಿಕ್ಕಿದೆ. ಕೀ ಬಿಚ್ಚುವ ಧೈರ್ಯ ಬರಲಿಲ್ಲ, ಇದ್ದ ಹಾಗೇ ತಿಕ್ಕಿದೆ. ಫಳಫಳ ಹೊಳೆಯಿತು. ಮನೆಯವರಿಗೆಲ್ಲ ತೋರಿಸಿ ಬೀಗಿದ್ದೂ ಆಯಿತು.

ಮೂರು ವಾರ ಆಗಿಲ್ಲ, ಮತ್ತೆ ಕಪ್ಪು. ಸಾಲದ್ದಕ್ಕೆ ಒಂದು ಕೀ ಒತ್ತಿ ಬಿಟ್ಟರೆ ಮೇಲೆ ಬರಲು ಸೋಮಾರಿತನ ಮಾಡುತ್ತಿದೆ. ಮೊದಲು ಹಾಗಿರಲಿಲ್ಲ. ಬ್ರಾಸೋ ಹಚ್ಚಲಾ? ಇಲ್ಲಾ ಪತ್ತಾರರ ಹತ್ತಿರ ಕೊಟ್ಟು ಬೆಳ್ಳಿ ಮುಲಾಮು, ಅಂದರೆ ಬೆಳ್ಳಿ ಲೇಪ, ಹಾಕಿಸಿಬಿಡಲಾ?

ಬ್ಯಾಂಡ್ ಹುಡುಗ (ಕಲಬುರಗಿ, ಶಹಾಬಜಾರ)
ಅಣ್ಣಾ, ಹುಣಸೆಹಣ್ಣು ಹಚ್ಚಿ. ನಾವು ಟ್ರಂಪೆಟ್, ಯುಫೋನಿಯಂ ಎಲ್ಲಾ ಹಾಗೇ ಬೆಳಗುವುದು. ಹತ್ತು ನಿಮಿಷದ ಕೆಲಸ.

ರಿಪೇರಿ ಅಜ್ಜ (ಬೀದರ್)
ತಡೀರಿ, ತಡೀರಿ. ಹುಣಸೆಹಣ್ಣಿಗೆ ಕೈ ಹಾಕಬೇಡಿ.

ನಾನು ಹುಮನಾಬಾದಿನವನು, ಈಗ ಬೀದರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಬ್ಯಾಂಡ್ ವಾದ್ಯ ರಿಪೇರಿ ಮಾಡುತ್ತಲೇ ಕೂದಲು ಬೆಳ್ಳಗಾಯಿತು. ತಮ್ಮಾ ಬ್ಯಾಂಡ್ ಹುಡುಗ, ಟ್ರಂಪೆಟ್ ಅಂದರೆ ಹಿತ್ತಾಳೆ ಕೊಳವೆ. ಹೊರಗೆ ಏನು ಹಚ್ಚಿದರೂ ತೊಳೆದುಬಿಡಬಹುದು. ಕ್ಲಾರ್ನೆಟ್‌ನಲ್ಲಿ ಒಂದೊಂದು ಕೀ ಕೆಳಗೂ ಪ್ಯಾಡ್ ಇರುತ್ತದೆ. ಉಣ್ಣೆಯ ಬಿಲ್ಲೆ, ಅದರ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳು ಪೊರೆ. ಅದನ್ನು ಕೀಗೆ ಅಂಟಿಸಿರುವುದು ಅರಗಿನಿಂದ. ಪಕ್ಕದಲ್ಲಿ ಸೂಜಿಯಂಥ ಉಕ್ಕಿನ ಸ್ಪ್ರಿಂಗ್. ಪ್ಯಾಡ್‌ಗೆ ನೀರು ಆಗದು, ಸ್ಪ್ರಿಂಗ್‌ಗೆ ಹುಳಿ ಆಗದು. ಹುಣಸೆ ರಸ ಒಂದು ಹನಿ ಇಳಿದರೂ ಸ್ಪ್ರಿಂಗ್ ತುಕ್ಕು ಹಿಡಿದು, ಮದುವೆ ಮೆರವಣಿಗೆ ನಡುವೆ ಪಟ್ ಅಂತ ಮುರಿಯುತ್ತದೆ.

ಪ್ರಶ್ನೆ ಕೇಳಿದವರು ಮೊದಲು ಮೂರು ವಿಷಯ ಹೇಳಿ. ಕಪ್ಪು ಎಂಥ ಕಪ್ಪು? ವಾದ್ಯದ ಮೈ ಮರದ್ದೋ, ಬೇರೆಯದೋ? ಪೆಟ್ಟಿಗೆಯ ಒಳಗೆ ಏನೇನಿದೆ?

ಸುಮ್ನೆ ಓದುವವ
ಪೆಟ್ಟಿಗೆಗೂ ಕಪ್ಪಿಗೂ ಏನು ಸಂಬಂಧ ಅಜ್ಜಾ?

ರಿಪೇರಿ ಅಜ್ಜ (ಬೀದರ್)
ಅವರು ಹೇಳಲಿ, ಆಮೇಲೆ ಗೊತ್ತಾಗುತ್ತದೆ.

ಕಾಕಾನ ಕ್ಲಾರ್ನೆಟ್ (ಕಲಬುರಗಿ)
ಅಜ್ಜಾರೆ, ಈಗ ಮತ್ತೆ ತೆಗೆದು ನೋಡಿದೆ. ಕಪ್ಪು ಅಂದರೆ ಪೂರ್ತಿ ಕಪ್ಪಲ್ಲ. ಅಂಚಿನಲ್ಲಿ ಹಳದಿ, ಒಳಗೆ ಕಂದು, ನಡುವೆ ನೀಲಿ ಛಾಯೆ. ಮಂಕು ಬಿಳಿ ಕೀಗಳು ಎಷ್ಟು ತಿಕ್ಕಿದರೂ ಹಾಗೇ ಇವೆ. ಕಾಕಾ ಬೆರಳಿಡುತ್ತಿದ್ದ ಎರಡು ಕಡೆ ಬೆಳ್ಳಿ ಹೋಗಿ ಬೇರೆ ಬಣ್ಣ ಕಾಣುತ್ತದೆ.

ಮೈ ಮರ ಅಂತಲೇ ತಿಳಿದಿದ್ದೆ. ಆದರೆ ಒಂದು ಪಕ್ಕ ಪಾಚಿ ಬಣ್ಣಕ್ಕೆ ತಿರುಗಿದೆ. ಮರ ಹಾಗಾಗುತ್ತದಾ? ಪೆಟ್ಟಿಗೆಯ ತಳದಲ್ಲಿ ಕಾಕಾ ಒಂದು ರಬ್ಬರ್ ಶೀಟ್ ಹಾಸಿದ್ದಾರೆ, ಅಲುಗಾಡದಿರಲಿ ಅಂತ. ಮೇಲೆ ಅವರ ಉಣ್ಣೆ ಮಫ್ಲರ್ ಸುತ್ತಿದ್ದೇನೆ. ಬಾಯಿಗಿಟ್ಟು ಊದುವ ತೆಳು ಪಟ್ಟಿ, ಅಂದರೆ ರೀಡ್‌ಗಳಿಗೆ ರಬ್ಬರ್ ಬ್ಯಾಂಡ್.

ರಿಪೇರಿ ಅಜ್ಜ (ಬೀದರ್)
ಸಿಕ್ಕಿತು ನೋಡಿ! ಮೈಯನ್ನು ಒಂದು ಬಟ್ಟೆಯಿಂದ ಜೋರಾಗಿ ತಿಕ್ಕಿ, ಬಿಸಿಯಾದಾಗ ಮೂಸಿ. ರಬ್ಬರ್ ವಾಸನೆ ಬಂದರೆ ಅದು ಮರವಲ್ಲ, ಎಬೊನೈಟ್.

ಕಾಕಾನ ಕ್ಲಾರ್ನೆಟ್ (ಕಲಬುರಗಿ)
ಮೂಸಿದೆ. ಪಂಕ್ಚರ್ ಅಂಗಡಿ ವಾಸನೆ.

ಕೆಮಿಸ್ಟ್ರಿ ಅಕ್ಕ (ಕಲಬುರಗಿ)
ನಾನು ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವಳು. ವಾದ್ಯದ ಗಂಧ ಗಾಳಿ ಗೊತ್ತಿಲ್ಲ, ಆದರೆ ಈ ಕಪ್ಪು ಗೊತ್ತು.

ಕಬ್ಬಿಣ ತುಕ್ಕು ಹಿಡಿಯುವ ಹಾಗೆ ಬೆಳ್ಳಿ ಹಾಳಾಗುವುದಿಲ್ಲ. ಅದಕ್ಕೆ ವೈರಿ ಗಂಧಕ. ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ಚೂರುಪಾರು ಇದ್ದರೂ ಬೆಳ್ಳಿ ಅದನ್ನು ಹಿಡಿದು ಸಿಲ್ವರ್ ಸಲ್ಫೈಡ್ ಆಗುತ್ತದೆ. ಪದರ ತೆಳುವಿದ್ದಾಗ ಹಳದಿ, ದಪ್ಪವಾದಂತೆ ಕಂದು, ನೀಲಿ, ಕೊನೆಗೆ ಕಪ್ಪು. ಬೆಳ್ಳಿ ಚಮಚದಲ್ಲಿ ಮೊಟ್ಟೆ ತಿಂದರೆ ಚಮಚ ಕಪ್ಪಾಗುವುದೂ ಇದರಿಂದಲೇ. ಉಣ್ಣೆಯಲ್ಲಿ ಗಂಧಕ ಇದೆ. ರಬ್ಬರ್ ಗಟ್ಟಿಯಾಗುವುದೇ ಗಂಧಕ ಬೆರೆಸಿದ್ದರಿಂದ. ನೀವು ಕೀಗಳನ್ನು ಬೆಳಗಿ, ಒಯ್ದು ಗಂಧಕದ ಹಾಸಿಗೆಯ ಮೇಲೆ ಮಲಗಿಸಿ, ಗಂಧಕದ ಕಂಬಳಿ ಹೊದಿಸಿದ್ದೀರಿ.

ಎಬೊನೈಟ್ ಅಂದರೆ ಇನ್ನೂ ಒಂದು ಹೆಜ್ಜೆ ಮುಂದೆ. ಸೈಕಲ್ ಟ್ಯೂಬಿಗಿಂತ ಎಷ್ಟೋ ಪಟ್ಟು ಜಾಸ್ತಿ ಗಂಧಕ ಹಾಕಿ, ಕಲ್ಲಿನ ಹಾಗೆ ಗಟ್ಟಿ ಮಾಡಿದ ರಬ್ಬರ್ ಅದು. ಬಿಸಿಲು ಬಿದ್ದರೆ ಪಾಚಿ ಬಣ್ಣಕ್ಕೆ ತಿರುಗುತ್ತದೆ, ಗಂಧಕವನ್ನೂ ಹೊರಗೆ ಬಿಡುತ್ತದೆ.

ರಿಪೇರಿ ಅಜ್ಜ (ಬೀದರ್)
ಅಕ್ಕಾ, ಇಷ್ಟು ವರ್ಷ ನಾನು ಕೈಯಲ್ಲಿ ಮಾಡಿದ್ದನ್ನು ನೀವು ಬಾಯಲ್ಲಿ ಹೇಳಿದಿರಿ. ಎಬೊನೈಟ್ ಮೈಗೆ ಬೆಳ್ಳಿ ಕೀ ಇದ್ದರೆ ಕಪ್ಪಾಗುವುದು ತಪ್ಪಿದ್ದಲ್ಲ. ತಡಮಾಡಬಹುದು, ಅಷ್ಟೇ. ಮೈ ಮೇಲೆ ಬಿಸಿ ನೀರು ಮಾತ್ರ ಬೀಳಬಾರದು. ಬಿದ್ದರೆ ಪಾಚಿ ಬಣ್ಣ ಇನ್ನೂ ಜಾಸ್ತಿ.

ಮಂಕು ಬಿಳಿ ಕೀಗಳು ನಿಕಲ್ ಲೇಪದವು. ಯಾವಾಗಲೋ ಮುರಿದಾಗ ಬೇರೆ ವಾದ್ಯದಿಂದ ತೆಗೆದು ಕೂರಿಸಿರಬೇಕು. ಬ್ಯಾಂಡ್ ವಾದ್ಯಗಳಲ್ಲಿ ಇದು ಮಾಮೂಲು. ನಿಕಲ್ ಬೆಳ್ಳಿಯ ಹಾಗೆ ಕಪ್ಪಾಗುವುದಿಲ್ಲ, ಉಸಿರು ಬಿಟ್ಟ ಕನ್ನಡಿಯ ಹಾಗೆ ಮಂಕಾಗುತ್ತದೆ. ಅದನ್ನು ತಿಕ್ಕಿ ತಿಕ್ಕಿ ಬೆಳ್ಳಿ ಮಾಡಲು ಆಗದು. ಒದ್ದೆ ಬಟ್ಟೆಯಿಂದ ಜಿಡ್ಡು ಒರೆಸಿ, ಒಣ ಬಟ್ಟೆಯಿಂದ ಒರೆಸಿ, ಬಿಟ್ಟುಬಿಡಿ.

ಕಾಕಾನ ಬೆರಳು ಬಿದ್ದಲ್ಲಿ ಕಾಣುತ್ತಿರುವುದು ಒಳಗಿನ ಲೋಹ. ಹೆಚ್ಚಾಗಿ ಜರ್ಮನ್ ಸಿಲ್ವರ್ ಇರುತ್ತದೆ.

ಸುಮ್ನೆ ಓದುವವ
ಜರ್ಮನ್ ಸಿಲ್ವರ್ ಅಂದರೆ ಬೆಳ್ಳಿಯೇ ಅಲ್ವಾ? ಲಗ್ನದಲ್ಲಿ ಕೊಡುವ ತಟ್ಟೆ, ಕುಂಕುಮದ ಬಟ್ಟಲು?

ಕೆಮಿಸ್ಟ್ರಿ ಅಕ್ಕ (ಕಲಬುರಗಿ)
ಹೆಸರಲ್ಲಿ ಮಾತ್ರ ಬೆಳ್ಳಿ. ಒಳಗಿರುವುದು ತಾಮ್ರ, ನಿಕಲ್, ಸತು. ತಾಮ್ರ ಇರುವುದರಿಂದಲೇ ಬೆವರು, ಎಂಜಲಿನ ತೇವ ತಾಗಿದಲ್ಲಿ ಹಸಿರು ಕಿಲುಬು ಬರುತ್ತದೆ.

ಬೀದರ್ ಬಿದರಿ
ಅಜ್ಜಾ ನಮ್ಮೂರಲ್ಲೇ ಇದ್ದೀರಿ, ಗೊತ್ತೇ ಇರಲಿಲ್ಲ. ನಾನು ಬಿದರಿ ಕೆಲಸದವನು. ಈ ಚರ್ಚೆ ಓದಿ ನಗು ಬಂತು. ನೀವು ಕಪ್ಪು ತೆಗೆಯಲು ಒದ್ದಾಡುತ್ತಿದ್ದೀರಿ, ನಾವು ಕಪ್ಪು ಬರಿಸಲು ಒದ್ದಾಡುತ್ತೇವೆ.

ನಮ್ಮ ಎರಕದಲ್ಲಿ ಸತುವೇ ಜಾಸ್ತಿ, ತಾಮ್ರ ಸ್ವಲ್ಪ. ಅದರ ಮೇಲೆ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸಿ ಬಡಿಯುತ್ತೇವೆ. ಆಮೇಲೆ ಬೀದರ್ ಕೋಟೆಯ ಹಳೆ ಮಣ್ಣು ಮತ್ತು ನವಸಾಗರ ಕಲಸಿ ಬಿಸಿ ಮಾಡಿ ಹಚ್ಚಿದರೆ ಎರಕ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತದೆ. ಕೊನೆಗೆ ಎಣ್ಣೆ ಹಚ್ಚಿ ಒರೆಸಿದರೆ ಕಪ್ಪು ಕೂಡುತ್ತದೆ. ಅದೇ ಬೆಳ್ಳಿ ತಂತಿ ಗಿರಾಕಿಯ ಮನೆಯ ಶೋಕೇಸಿನಲ್ಲಿ ನಾಲ್ಕು ವರ್ಷ ಕೂತರೆ ಮಂಕಾಗುತ್ತದೆ. ಆಗ ಅವರು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ. ಬೆಳ್ಳಿ ಹೊಳೆಯುತ್ತದೆ, ನಾವು ಕಷ್ಟಪಟ್ಟು ಬರಿಸಿದ ಕಪ್ಪು ಕೆಟ್ಟುಹೋಗುತ್ತದೆ. ಹೂದಾನಿ ತಂದು ನಮ್ಮ ಮುಂದೆ ಇಟ್ಟು 'ಕಲರ್ ಹೋಗಿದೆ, ಡುಪ್ಲಿಕೇಟ್ ಕೊಟ್ಟಿದ್ದೀರಿ' ಅಂತಾರೆ!

ಅದಕ್ಕೇ ಹೇಳುತ್ತೇನೆ, ಹುಳಿಯ ಸಹವಾಸ ಬೇಡ. ಮೆತ್ತನೆ ಬಟ್ಟೆ, ಹಗುರ ಕೈ, ಸಾಕು.

ಯಾದಗಿರಿ ಮೇಷ್ಟ್ರು
ಟೂತ್‌ಪೇಸ್ಟ್ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಹಿಂದೆ ಒಂದು ಶಾಲೆಯಲ್ಲಿ ಬ್ಯಾಂಡ್ ನೋಡಿಕೊಳ್ಳುತ್ತಿದ್ದೆ. ಆಗಸ್ಟ್ 15ರ ಹಿಂದಿನ ದಿನ ಮಕ್ಕಳು ಶಿಸ್ತಾಗಿ ಕೂತು ನಾಲ್ಕು ಕ್ಲಾರ್ನೆಟ್‌ಗೂ ಟೂತ್‌ಪೇಸ್ಟ್ ಹಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿದರು. ಬಿಳಿ ಯೂನಿಫಾರ್ಮ್, ಹೊಳೆಯುವ ಕೀ, ನೋಡಲು ಚಂದ. ಧ್ವಜ ಏರಿತು. ಕೀ ಏರಲಿಲ್ಲ. ಪೇಸ್ಟ್ ಒಣಗಿ ಪ್ಯಾಡ್‌ಗಳು ರಂಧ್ರಕ್ಕೆ ಅಂಟಿಕೊಂಡಿದ್ದವು. ಡ್ರಮ್ ಹುಡುಗರು ಮಾನ ಉಳಿಸಿದರು.

ಬ್ಯಾಂಡ್ ಹುಡುಗ (ಕಲಬುರಗಿ, ಶಹಾಬಜಾರ)
😂😂 ಮೇಷ್ಟ್ರೇ!

ಸರಿ ಅಜ್ಜಾ, ಹುಣಸೆಹಣ್ಣಿನ ಮಾತು ವಾಪಸ್ ತಗೊಂಡೆ. ನಾನು ಈಗ ಸ್ಯಾಕ್ಸೊಫೋನ್ ಊದುತ್ತೇನೆ. ಕದ್ರಿ ಗೋಪಾಲನಾಥರದು ಕೇಳಿ ಕೇಳಿ ಹುಚ್ಚು ಹಿಡಿದದ್ದು. ಅದರ ಕೀ ಹಳದಿ, ಬೆರಳಿಡುವ ಕಡೆ ಕಂದು ಕಲೆ ಆಗಿದೆ. ಅದಕ್ಕೆ ಬ್ರಾಸೋ ಆಗುತ್ತದಾ?

ರಿಪೇರಿ ಅಜ್ಜ (ಬೀದರ್)
ಹಿತ್ತಾಳೆ ಮೈ ಇದ್ದರೂ ರೀಡ್ ಇಟ್ಟು ಊದುವುದರಿಂದ ಸ್ಯಾಕ್ಸೊಫೋನ್ ಕ್ಲಾರ್ನೆಟ್‌ನ ಸಂಬಂಧಿ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ತಗೊಂಡ ದಿನದಿಂದಲೂ ಅದು ಮರದ ವಾದ್ಯಗಳ ಸಾಲಿನಲ್ಲೇ ಕೂತಿದೆ. ಅದರ ಮೇಲೆ ಕಾಣುವ ಬಂಗಾರದ ಬಣ್ಣ ಹೆಚ್ಚಾಗಿ ಲ್ಯಾಕರ್, ಅಂದರೆ ಒಂದು ಬಗೆಯ ವಾರ್ನಿಶ್. ಲ್ಯಾಕರ್ ಇರುವ ತನಕ ಹಿತ್ತಾಳೆಗೆ ಗಾಳಿ ತಾಗುವುದಿಲ್ಲ. ತಿಕ್ಕುವ ಪಾಲಿಶ್ ಹಾಕಿದರೆ ಮೊದಲು ಹೋಗುವುದು ಆ ಲ್ಯಾಕರ್. ಆಮೇಲೆ ವಾರಕ್ಕೊಮ್ಮೆ ಬೆಳಗುತ್ತಾ ಕೂರಬೇಕು.

ನಿನ್ನ ಬೆರಳಿನ ಬೆವರಿಗೆ ಲ್ಯಾಕರ್ ಹೋಗಿ ಹಿತ್ತಾಳೆ ಕಂದು ಆಗಿದೆ. ಇರಲಿ ಬಿಡು. ಊದಿದ ಮೇಲೆ ಒಣ ಬಟ್ಟೆಯಿಂದ ಒರೆಸು. ಕಲಬುರಗಿ ಬಿಸಿಲಲ್ಲಿ ಮೆರವಣಿಗೆ ಮಾಡಿ ಬಂದವರ ಕೈ ಬೆವರು ಸಾಮಾನ್ಯದ್ದಲ್ಲ.

ಹೊಸ ಸದಸ್ಯ
ಯೂಟ್ಯೂಬ್‌ನಲ್ಲಿ ನೋಡಿದೆ. ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿ ನೀರು ಹಾಕಿ ಮುಳುಗಿಸಿದರೆ ತಿಕ್ಕದೇ ಕಪ್ಪು ಹೋಗುತ್ತದಂತೆ. ಸುಳ್ಳಾ?

ಕೆಮಿಸ್ಟ್ರಿ ಅಕ್ಕ (ಕಲಬುರಗಿ)
ಸುಳ್ಳಲ್ಲ, ನಾನೇ ಕಾಲುಗೆಜ್ಜೆಗೆ ಮಾಡಿದ್ದೇನೆ. ಬೆಳ್ಳಿ ಫಾಯಿಲ್‌ಗೆ ತಾಗುವಂತೆ ಇಟ್ಟರೆ, ಸಲ್ಫೈಡ್ ಆಗಿದ್ದ ಬೆಳ್ಳಿ ಮತ್ತೆ ಬೆಳ್ಳಿಯೇ ಆಗುತ್ತದೆ, ಅಲ್ಯೂಮಿನಿಯಂ ಸವೆಯುತ್ತದೆ. ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಅದೇ ಗಂಧಕ ಹೊರಗೆ ಹೋಗುವುದು. ತಿಕ್ಕಿದರೆ ಪ್ರತಿ ಸಲ ಒಂದಿಷ್ಟು ಬೆಳ್ಳಿ ಬಟ್ಟೆಗೆ ಹೋಗುತ್ತದೆ, ಇದರಲ್ಲಿ ಹೋಗುವುದಿಲ್ಲ. ಅದು ಇದರ ದೊಡ್ಡ ಗುಣ. ನಿಕಲ್ ಮಂಕಿಗೆ ಮಾತ್ರ ಇದು ಕೆಲಸಕ್ಕೆ ಬಾರದು.

ರಿಪೇರಿ ಅಜ್ಜ (ಬೀದರ್)
ಅಕ್ಕಾ, ಗೆಜ್ಜೆಗೆ ಪ್ಯಾಡ್ ಇರುವುದಿಲ್ಲ. ಕೀಯನ್ನು ಬಿಸಿ ನೀರಿಗೆ ಹಾಕಿದರೆ ಅರಗು ಕರಗಿ ಪ್ಯಾಡ್ ಕೈಗೆ ಬರುತ್ತದೆ. ಕೀಗೆ ಅಂಟಿಸಿದ ಬಿರಡೆ ತುಂಡು ಉದುರುತ್ತದೆ. ಸ್ಪ್ರಿಂಗ್ ಅಂಟಿಕೊಂಡಿದ್ದರೆ ಅದೂ ತುಕ್ಕು. ಪ್ಯಾಡ್ ಎಲ್ಲಾ ತೆಗೆದು ಹೊಸದಾಗಿ ಹಾಕಿಸುವಾಗ, ಬರೀ ಲೋಹ ಉಳಿದಿದ್ದರೆ ಮಾಡಬಹುದು. ಮಗಳು ನಾಳೆ ಕ್ಲಾಸಿಗೆ ಹೋಗಬೇಕು ಅನ್ನುವವರು ಮಾಡುವ ಕೆಲಸವಲ್ಲ.

ಈಗ ಆ ಸೋಮಾರಿ ಕೀ ವಿಷಯ. ಅದೇ ಮುಖ್ಯ, ಹೊಳಪು ಆಮೇಲೆ. ವಿಭೂತಿ ನುಣ್ಣಗೆ ಅಂತ ಹಣೆಗೆ ಹಚ್ಚುತ್ತೇವೆ, ಆದರೆ ಅದೂ ಪುಡಿಯೇ. ಕೀ ತಿರುಗುವುದು ಎರಡು ಪುಟ್ಟ ಕಂಬಗಳ ನಡುವೆ ಇರುವ ಉಕ್ಕಿನ ಸರಳಿನ ಮೇಲೆ. ಅಲ್ಲಿ ಹಳೆ ಎಣ್ಣೆ ಇರುತ್ತದೆ. ವಿಭೂತಿ ಅಲ್ಲಿಗೆ ಇಳಿದು ಎಣ್ಣೆ ಜೊತೆ ಸೇರಿ ಅರೆಯುವ ಹಿಟ್ಟಾಗಿದೆ. ಈಗ ಬರೀ ನಿಧಾನ. ಹಾಗೇ ಊದಿದರೆ ಸರಳು ಸವೆದು ಕೀ ಲೊಡಲೊಡ ಆಗುತ್ತದೆ. ಮೇಲಿನಿಂದ ಎಣ್ಣೆ ಬಿಡಬೇಡಿ, ಪುಡಿ ಇನ್ನೂ ಒಳಗೆ ಹೋಗುತ್ತದೆ. ಬಿಚ್ಚಲೇಬೇಕು.

ಬಿಚ್ಚುವುದು ಹೇಳುತ್ತೇನೆ, ನಿಧಾನ ಓದಿ. ನೆಲದ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ ಕೂಡಿ, ಫ್ಯಾನ್ ಬಂದ್ ಮಾಡಿ, ಮೊಬೈಲಿನಲ್ಲಿ ಎಲ್ಲಾ ಕಡೆಯಿಂದ ಫೋಟೋ ತೆಗೆಯಿರಿ. ಒಂದು ಥರ್ಮಾಕೋಲ್ ತುಂಡಿನ ಮೇಲೆ ಕ್ಲಾರ್ನೆಟ್ ಚಿತ್ರ ಬರೆದು, ಯಾವ ಕಡೆಯಿಂದ ಸ್ಕ್ರೂ ತೆಗೆದಿರೋ ಅಲ್ಲೇ ಚುಚ್ಚಿ. ಸ್ಕ್ರೂಗಳು ನೋಡಲು ಒಂದೇ, ಉದ್ದ ಬೇರೆ. ಅದಲುಬದಲು ಆದರೆ ಅಳು ಬರುತ್ತದೆ. ಸ್ಕ್ರೂಡ್ರೈವರ್ ಸ್ಕ್ರೂವಿನ ಗೀರಿಗೆ ಸರಿಯಾಗಿ ಕೂರಬೇಕು, ಜಾರಿದರೆ ಗೀರು ಬೀಳುವುದು ಮೈಗೆ. ಸೂಜಿ ಸ್ಪ್ರಿಂಗನ್ನು ಕೈಯಿಂದ ಎಳೆಯಬೇಡಿ. ಮನೆಯಲ್ಲಿ ಕ್ರೋಶಾ ಹಾಕುವವರು ಇದ್ದರೆ ಅವರ ಕಡ್ಡಿ ತಗೊಳ್ಳಿ, ಅದರ ಕೊಕ್ಕೆಯಿಂದ ಸ್ಪ್ರಿಂಗ್ ತುದಿಯನ್ನು ಮೆಲ್ಲಗೆ ಗೂಟದಿಂದ ಬಿಡಿಸಿ. ಎಲ್ಲಾ ಕೀ ಒಟ್ಟಿಗೆ ಬಿಚ್ಚಬೇಡಿ. ಮೊದಲ ಸಲ ಆ ಸೋಮಾರಿ ಕೀ ಒಂದೇ ಸಾಕು.

ಸರಳು ಹೊರಗೆ ಬಂದ ಮೇಲೆ ಒಣ ಬಟ್ಟೆಯಿಂದ ಒರೆಸಿ. ಕೀಯ ಕೊಳವೆಯೊಳಗೆ ದಪ್ಪ ಬಿಳಿ ನೂಲು ತೂರಿಸಿ ಎಳೆಯಿರಿ. ನೂಲು ಕಪ್ಪಾಗಿ ಬರುತ್ತದೆ. ಬೆಳ್ಳಗೆ ಬರುವ ತನಕ ಹೊಸ ಹೊಸ ನೂಲು ಹಾಕಿ. ಆಮೇಲೆ ಸೂಜಿ ತುದಿಯಲ್ಲಿ ಒಂದೇ ಹನಿ ಹೊಲಿಗೆ ಮಷಿನ್ ಎಣ್ಣೆ. ಕೊಬ್ಬರಿ ಎಣ್ಣೆ ಬೇಡ, ಬೀದರ್ ಚಳಿಗೆ ಅದು ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಕೀಯಲ್ಲಿ ಬಿಡುತ್ತದಾ? ಕಿಲುಬಿಗೆ ಸೂಜಿ, ಬ್ಲೇಡ್ ಬೇಡ. ಹಲ್ಲುಕಡ್ಡಿಯ ತುದಿಯಿಂದ ಕೆರೆದರೆ ಉದುರುತ್ತದೆ.

ಹೊಳಪಿಗೆ ಬಂಗಾರದ ಅಂಗಡಿಗಳಲ್ಲಿ ಬೆಳ್ಳಿ ಒರೆಸುವ ಬಟ್ಟೆ ಸಿಗುತ್ತದೆ, ಮದ್ದು ಹಾಕಿದ್ದು. ಹೆಬ್ಬೆರಳಿಗೆ ಸುತ್ತಿ ನಾಲ್ಕು ಸಲ ತಿಕ್ಕಿ. ಬಟ್ಟೆ ಕಪ್ಪಾಗುತ್ತದೆ, ಆದರೂ ಅದನ್ನು ಒಗೆಯಬೇಡಿ, ಒಗೆದರೆ ಮದ್ದು ಹೋಗುತ್ತದೆ. ಪ್ಯಾಡ್‌ಗೆ ಮಾತ್ರ ತಾಗಿಸಬೇಡಿ.

ಕಾಕಾನ ಕ್ಲಾರ್ನೆಟ್ (ಕಲಬುರಗಿ)
ಅಜ್ಜಾರೆ, ಇದನ್ನು ಪ್ರಿಂಟ್ ತೆಗೆಸಿ ಇಟ್ಟುಕೊಳ್ಳುತ್ತೇನೆ. ಮುಲಾಮಿನ ವಿಷಯ ಹೇಳಲಿಲ್ಲ. ಪತ್ತಾರರನ್ನು ಕೇಳಿದೆ. ಬಫ್ ಹೊಡೆದು ಬೆಳ್ಳಿ ಏರಿಸಿದರೆ ಹೊಸದರ ಹಾಗೆ ಆಗುತ್ತದೆ ಅಂದರು.

ರಿಪೇರಿ ಅಜ್ಜ (ಬೀದರ್)
ಅವರು ಹೇಳಿದ್ದು ತಪ್ಪಲ್ಲ, ಅವರಿಗೆ ಬಳೆ, ಬಟ್ಟಲಿನ ಲೆಕ್ಕ. ಬಫ್ ಚಕ್ರಕ್ಕೆ ಕೊಟ್ಟರೆ ಮೂಲೆಗಳು ದುಂಡಾಗುತ್ತವೆ, ಕೊಳವೆಯ ತುದಿ ಕೂದಲೆಳೆಯಷ್ಟು ಸವೆಯುತ್ತದೆ. ಬಟ್ಟಲಿಗೆ ಅದು ಲೆಕ್ಕಕ್ಕಿಲ್ಲ. ಕೀ ಎರಡು ಕಂಬಗಳ ನಡುವೆ ಬಿಗಿಯಾಗಿ ಕೂರಬೇಕು. ಅಷ್ಟು ಸವೆದರೂ ಅಲ್ಲಾಡುತ್ತದೆ, ಪ್ಯಾಡ್ ರಂಧ್ರದ ಮೇಲೆ ಸರಿಯಾಗಿ ಬೀಳುವುದಿಲ್ಲ, ಗಾಳಿ ಸೋರುತ್ತದೆ. ಕೀಲಿನ ಜಾಗ ಮುಟ್ಟದೆ, ಕೈಯಲ್ಲೇ ನಯ ಮಾಡಿ ಲೇಪ ಹಾಕುವ, ವಾದ್ಯ ಬಲ್ಲವರು ಸಿಕ್ಕರೆ ಕೊಡಿ. ಉತ್ತರದಲ್ಲಿ ಮೇರಠ್‌ನ ಜಲಿ ಕೋಠಿಯಲ್ಲಿ ಇಡೀ ಬೀದಿಯೇ ಬ್ಯಾಂಡ್ ವಾದ್ಯ ಮಾಡುತ್ತದೆ. ನಮ್ಮ ಕಡೆಯ ಎಷ್ಟೋ ವಾದ್ಯ ಅಲ್ಲಿಂದಲೇ ಬಂದವು. ಇಲ್ಲದಿದ್ದರೆ ಆ ದುಡ್ಡಿಗೆ ಹೊಸ ಪ್ಯಾಡ್ ಹಾಕಿಸಿ. ಹದಿನೈದು ವರ್ಷ ಅಟ್ಟದ ಬಿಸಿಲು ತಿಂದ ಪ್ಯಾಡ್ ಅಲ್ವಾ? ಸ್ವರ ಬರುವುದು ಹೊಳಪಿನಿಂದಲ್ಲ, ಪ್ಯಾಡ್‌ನಿಂದ.

ಯಾದಗಿರಿ ಮೇಷ್ಟ್ರು
ಇದಕ್ಕೆ ನನ್ನದೂ ಒಂದು ಓಟು. ನಮ್ಮ ಪಕ್ಕದ ರಾಯಚೂರು ಕಡೆಯ ನರಸಿಂಹಲು ವಡವಾಟಿ ಅವರು ಕ್ಲಾರ್ನೆಟ್‌ನಲ್ಲಿ ಹಿಂದೂಸ್ತಾನಿ ರಾಗ ನುಡಿಸುವುದು ಕೇಳಿದವರು ಯಾರಾದರೂ ಕೀಯ ಬಣ್ಣ ನೋಡಿದ್ದೀರಾ? ನಾನಂತೂ ನೋಡಿಲ್ಲ.

ಬೀದರ್ ಬಿದರಿ
ನಾನು ನೋಡುತ್ತೇನೆ ಸರ್. ಲೋಹದ ಕೆಲಸದವನ ಚಟ. 😄

ಕೆಮಿಸ್ಟ್ರಿ ಅಕ್ಕ (ಕಲಬುರಗಿ)
ಇಡುವ ವಿಷಯಕ್ಕೆ ಎರಡು ಮಾತು. ರಬ್ಬರ್ ಶೀಟ್, ಮಫ್ಲರ್, ರಬ್ಬರ್ ಬ್ಯಾಂಡ್ ಮೂರೂ ಇವತ್ತೇ ಹೊರಗೆ. ಪೇಪರಿನಲ್ಲೂ ಸುತ್ತಬೇಡಿ. ಹಳೆ ಕಾಟನ್ ಸೀರೆ ತುಂಡು ಒಳ್ಳೆಯದು. ಪೆಟ್ಟಿಗೆಯ ಮೂಲೆಯಲ್ಲಿ ಎರಡು ಸೀಮೆಸುಣ್ಣದ ತುಂಡು ಅಥವಾ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಚೀಟಿ ಇಡಿ, ತೇವ ಹೀರುತ್ತದೆ. ತೇವ ಕಡಿಮೆ ಇದ್ದಷ್ಟೂ ಕಪ್ಪು ನಿಧಾನ. ಮೈಯಿಂದ ಬರುವ ಗಂಧಕಕ್ಕೆ ನಾನೂ ಏನೂ ಮಾಡಲಾರೆ.

ರಿಪೇರಿ ಅಜ್ಜ (ಬೀದರ್)
ಸ್ಕೂಟರ್ ಡಿಕ್ಕಿಯಲ್ಲೂ ಬೇಡ. ಏಪ್ರಿಲ್, ಮೇನಲ್ಲಿ ಕಲಬುರಗಿ 40 ಡಿಗ್ರಿ ದಾಟುತ್ತದೆ, ಡಿಕ್ಕಿಯೊಳಗೆ ಅದಕ್ಕಿಂತ ಜಾಸ್ತಿ. ಅರಗು ಮೆತ್ತಗಾಗಿ ಪ್ಯಾಡ್ ಓರೆಯಾಗುತ್ತದೆ.

ಕಾಕಾನ ಕ್ಲಾರ್ನೆಟ್ (ಕಲಬುರಗಿ)
ಎಂಟು ದಿನದ ಮೇಲೆ ಬರೆಯುತ್ತಿದ್ದೇನೆ. ಭಾನುವಾರ ಬೆಡ್‌ಶೀಟ್ ಹಾಸಿ ಕೂತೆ. ಕ್ರೋಶಾ ಕಡ್ಡಿ ಅವ್ವನದು. ಒಂದು ಕೀ ಬಿಚ್ಚಿ ಕೂರಿಸಲು ಎರಡೂವರೆ ತಾಸು! ಕಾಕಾ ಕುರ್ಚಿಯಲ್ಲಿ ಕೂತು 'ಎಡಕ್ಕೆ ಹಿಡಿ, ಎಡಕ್ಕೆ' ಅಂತ ಹೇಳುತ್ತಾ ಇದ್ದರು. ಏಳನೇ ನೂಲು ಬೆಳ್ಳಗೆ ಬಂತು. ಕೀ ಈಗ ಟಪ್ ಅಂತ ಏಳುತ್ತದೆ.

ಬೆಳ್ಳಿ ಬಟ್ಟೆಯಿಂದ ಮೇಲೆ ಮೇಲೆ ಒರೆಸಿದೆ. ಸಂದಿಯ ಕಪ್ಪು ಹಾಗೇ ಬಿಟ್ಟಿದ್ದೇನೆ. ಕಾಕಾನ ಬೆರಳಿನ ಗುರುತೂ ಹಾಗೇ ಇದೆ. ಕಾಕಾನೇ ಮುಲಾಮು ಬೇಡ ಅಂದರು. ಪೆಟ್ಟಿಗೆಗೆ ಅವ್ವನ ಇಳಕಲ್ ಸೀರೆಯ ತುಂಡು ಬಂದಿದೆ. ಮಫ್ಲರ್ ಕಾಕಾಗೆ ವಾಪಸ್, ಬೇಸಿಗೆಯಲ್ಲೂ ಸುತ್ತಿಕೊಂಡು ಕೂತಿದ್ದಾರೆ.

ಒಂದೇ ತೊಂದರೆ. ಮೇಲಿನ ಒಂದು ಪ್ಯಾಡ್ ರಂಧ್ರಕ್ಕೆ ಅಂಟಿ, ಬಿಡುವಾಗ ಪಚಕ್ ಅನ್ನುತ್ತದೆ.

ರಿಪೇರಿ ಅಜ್ಜ (ಬೀದರ್)
ಅದು ಎಂಜಲಿನ ಜಿಗುಟು. ಸಿಗರೇಟ್ ಸುತ್ತುವ ತೆಳು ಕಾಗದ ತಗೊಳ್ಳಿ. ಪ್ಯಾಡ್ ಕೆಳಗೆ ಇಟ್ಟು ಮೆಲ್ಲಗೆ ಒತ್ತಿ, ಬಿಡಿ, ಕಾಗದ ಸರಿಸಿ ಮತ್ತೆ ಒತ್ತಿ. ಒತ್ತಿ ಹಿಡಿದು ಎಳೆಯಬೇಡಿ, ಪೊರೆ ಹರಿಯುತ್ತದೆ.

ಕಾಕಾನ ಕ್ಲಾರ್ನೆಟ್ (ಕಲಬುರಗಿ)
ಕೆಲಸ ಆಯಿತು ಅಜ್ಜಾರೆ, ಪಚಕ್ ನಿಂತಿತು. ಆದರೆ ಓಣಿಯ ಪಾನ್ ಡಬ್ಬಿಯಲ್ಲಿ ಸಿಗರೇಟ್ ಕಾಗದ ಕೇಳಿದ್ದು ನಾನು ಮನೆಗೆ ಬರುವ ಮೊದಲೇ ಮನೆ ಮುಟ್ಟಿತ್ತು. ಅವ್ವ ಎರಡು ದಿನದಿಂದ ಮಾತಾಡುತ್ತಿಲ್ಲ. ಕ್ಲಾರ್ನೆಟ್‌ಗೆ ಅಂತ ಹೇಳಿದರೆ ಕಾಕಾ ಬೇಕಂತಲೇ ಸುಮ್ಮನೆ ನಗುತ್ತಾ ಕೂತಿದ್ದಾರೆ.